ಅಮ್ಮನ ಹಲ್ಲು ಯಾರ ಬಾಯಲ್ಲಿದೆ?

ಮಾನ್ಯ ನಿರ್ದೇಶಕರೇ,

ಈ ಊರಿನಲ್ಲಿ ಯಾರೋ ಒಬ್ಬರು ನನ್ನ ಅಮ್ಮನ ಹಲ್ಲಿನ ಸೆಟ್ಟು ಹಾಕಿಕೊಂಡು ಓಡಾಡುತ್ತಿದ್ದಾರೆ. ಅವರು ಯಾರೆಂದು ಪತ್ತೆ ಹಚ್ಚಲು ಉಳಿದಿರುವುದು ತಮ್ಮ ತರಬೇತಿ ಕೇಂದ್ರದ ಕಪಾಟಿನಲ್ಲಿರುವ ಪ್ಲಾಸ್ಟರ್ ಅಚ್ಚುಗಳು ಮಾತ್ರ. ಅವನ್ನು ಒಡೆದು ಹಿಂದಿನ ಅಂಗಳದ ಗುಂಡಿಗೆ ಸುರಿಯಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಕಾರಣ, ಸ್ಥಳಾಭಾವವಂತೆ! ಜನರ ಬಾಯಿ ಮುಚ್ಚಿಸುವುದರಲ್ಲಿ ತಮ್ಮ ಕಚೇರಿ ಪಳಗಿದ್ದೆಂದು ತಿಳಿದಿತ್ತು. ಬಾಯಿಗಳನ್ನೇ ಹೂಳುವ ಮಟ್ಟಕ್ಕೆ ಬಂದಿರುವುದು ತಿಳಿದಿರಲಿಲ್ಲ.

ನಾನು ತಮ್ಮ ಕೇಂದ್ರದಲ್ಲೇ ದಂತ ಪ್ರಯೋಗಾಲಯದ ಕೆಲಸ ಕಲಿಯುತ್ತಿರುವವಳು. ಆ ಕೆಲಸ ಏನೆಂದು ತಮಗೆ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು. ಕುರ್ಚಿ ಅದನ್ನೆಲ್ಲ ಕೇಳುವುದಿಲ್ಲ. ಡಾಕ್ಟರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ನಾವು ಅದರೊಳಗೆ ಪ್ಲಾಸ್ಟರ್ ಎರೆದು ಅಚ್ಚು ಎಬ್ಬಿಸುತ್ತೇವೆ, ಅಚ್ಚಿನ ಮೇಲೆ ಮೇಣ ಕೂರಿಸಿ ಹಲ್ಲು ಜೋಡಿಸುತ್ತೇವೆ. ಆ ಮೇಣದ ಸೆಟ್ಟನ್ನು ಒಮ್ಮೆ ರೋಗಿಯ ಬಾಯಲ್ಲಿಟ್ಟು ನೋಡಿದ ಮೇಲೆಯೇ ಗಟ್ಟಿ ಸೆಟ್ಟು ಮಾಡಬೇಕು. ರೋಗಿಯ ಮುಖ ಮಾತ್ರ ನಾವು ನೋಡುವುದೇ ಇಲ್ಲ. ಬೆಂಚಿನ ತುಂಬ ಬರೀ ಬಾಯಿಗಳು, ತೆರೆದುಕೊಂಡು, ಏನೋ ಹೇಳಲು ಹೊರಟು ನಿಂತ ಹಾಗೆ. ಮೊದಲ ವಾರ ನನಗೆ ಊಟ ಸೇರುತ್ತಿರಲಿಲ್ಲ.

ನಾನು ಸೇರುವುದಕ್ಕೆ ಹಿಂದಿನ ವರ್ಷ ತಾವು ಉಚಿತ ದಂತಪಂಕ್ತಿ ಶಿಬಿರ ನಡೆಸಿದಿರಿ. ಅಮ್ಮ ಬಟ್ಟೆ ಹೊಲಿದು ಬದುಕಿದವಳು. ಕತ್ತರಿ ಪಕ್ಕದಲ್ಲೇ ಇದ್ದರೂ ದಾರ ಕಡಿಯುತ್ತಿದ್ದದ್ದು ಹಲ್ಲಿನಿಂದಲೇ. ಹಲ್ಲೆಲ್ಲ ಹೋದ ಮೇಲೆ ಶಿಬಿರದ ಸುದ್ದಿ ಕೇಳಿ ಬಾಯಿಯ ಅಳತೆ ಕೊಟ್ಟು ಬಂದಳು, ಸೆಟ್ಟು ಹಂಚುವ ದಿನ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದಳು. ವೇದಿಕೆಯ ಮೇಲೆ ತಾವೇ ಸ್ವಹಸ್ತದಿಂದ ಸೆಟ್ಟು ದಯಪಾಲಿಸಿದಿರಿ. ಫೋಟೋದಲ್ಲಿ ತಾವು ಹಲ್ಲು ಕಿರಿದು ನಿಂತಿದ್ದೀರಿ. ಅಮ್ಮ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಾಳೆ. ನಾಚಿಕೆ ಎಂದುಕೊಂಡಿದ್ದೆವು. ಮನೆಗೆ ಬಂದಾಗ ಕರವಸ್ತ್ರದಲ್ಲಿ ರಕ್ತವಿತ್ತು.

“ಇದು ನಂದಲ್ಲ ಕಣೇ. ಯಾರದೋ ಚಪ್ಪಲಿ ಮೆಟ್ಕೊಂಡು ಬಂದ ಹಾಗಿದೆ” ಎಂದಳು.

ವಾಪಸ್ಸು ಕರೆದುಕೊಂಡು ಹೋದರೆ ಶಿಬಿರದ ಡಾಕ್ಟರು ನಕ್ಕರು. “ಹೊಸ ಸೆಟ್ಟು ಅಂದ್ರೆ ಮನೆಗೆ ಹೊಸ ಸೊಸೆ ಬಂದ ಹಾಗೆ, ಅಮ್ಮಾ. ಹೊಂದ್ಕೊಳ್ಳೋಕೆ ಟೈಮ್ ಬೇಕು. ನೀವೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.” ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎಂದರು ನೆರೆಯವರು. ಸರಿ, ಅಮ್ಮ ನೋಡಲಿಲ್ಲ. ಯಾರಾದರೂ ಬಂದಾಗ ಹಾಕಿಕೊಂಡು ಕೂರುತ್ತಿದ್ದಳು, ಮಾತಿಗೊಮ್ಮೆ ಕಟಕ್ ಎನ್ನುತ್ತಿತ್ತು, ಅವರು ಹೋದ ಕೂಡಲೇ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಳು. ಮುಂದೆ ಹೃದಯದ ಕಾಯಿಲೆ ಹಾಸಿಗೆ ಹಿಡಿಸಿತು. ಹಲ್ಲಿನ ಸೆಟ್ಟು ಅಮ್ಮನನ್ನು ಕೊಂದಿತು ಎಂದು ನಾನು ಹೇಳುತ್ತಿಲ್ಲ, ಹೆದರಬೇಡಿ. ಬದುಕಿದ್ದಷ್ಟು ದಿನ ಹಾಲಿನಲ್ಲಿ ನೆನೆಸಿದ ಬ್ರೆಡ್ಡೇ ಗತಿಯಾಯಿತು, ಅಷ್ಟೇ. ಕೊನೆಗೆ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಅವಳ ಬಾಯಿ ಒರೆಸುತ್ತಿದ್ದವಳು ನಾನು. ಅಂಗುಳಿನ ನಡುವೆ ಮೂಳೆಯ ಒಂದು ಉಬ್ಬು, ಹುಣಸೆಬೀಜದಷ್ಟು. “ಹುಟ್ಟಿದಾಗಿಂದ ಇದೆ. ನಾನು ಕೂಡಿಟ್ಟ ಗಂಟು ಅಂದ್ರೆ ಅದೊಂದೇ ನೋಡು” ಎಂದು ಆ ಸ್ಥಿತಿಯಲ್ಲೂ ನಗಿಸಿದಳು.

ಅವಳು ಹೋದ ಮೇಲೆ ತಮ್ಮ ಕೇಂದ್ರಕ್ಕೆ ಸೇರಿದೆ. ಅಚ್ಚನ್ನು ಕಣ್ಣಿಗಿಂತ ಮುಂಚೆ ಹೆಬ್ಬೆರಳಿನಿಂದ ನೋಡಬೇಕು ಎಂಬುದು ನಮ್ಮ ಮೇಷ್ಟ್ರ ಪಾಠ. ಅಭ್ಯಾಸಕ್ಕೆಂದು ಶಿಬಿರದ ಹಳೇ ಅಚ್ಚುಗಳಿದ್ದ ಕಪಾಟು ತೋರಿಸಿ, “ಯಾವ್ದಾದ್ರೂ ಒಂದು ತಗೊಳ್ಳಿ” ಎಂದರು. ನಾನು ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡೆ. ಹೆಬ್ಬೆರಳು ಅಂಗುಳಿನ ಮೇಲೆ ಹರಿದು, ಆ ಉಬ್ಬಿನ ಮೇಲೆ ಹತ್ತಿ ನಿಂತಿತು. ನಿರ್ದೇಶಕರೇ, ಒರೆಸಿ ಒರೆಸಿ ನನ್ನ ಬೆರಳಿಗೆ ಪರಿಚಯವಾಗಿದ್ದ ಬಾಯಿ ಅದು.

ಇದನ್ನು ಬರೆದು ಕೊಟ್ಟಾಗ, ಅಂಥ ಉಬ್ಬು ಹಲವರಿಗೆ ಇರುತ್ತದೆ ಎಂದು ತಮ್ಮ ಕಚೇರಿ ನನಗೆ ತಿಳಿವಳಿಕೆ ಹೇಳಿತು. ಇರಲಿ, ಒಪ್ಪಿದೆ. ಹಾಗಾದರೆ ಅಮ್ಮನಿಗೆ ಕೊಟ್ಟ ಸೆಟ್ಟಿನ ಒಳಮೈಯಲ್ಲಿ ಆ ಉಬ್ಬಿಗೆ ಒಂದು ಗುಳಿ ಇರಬೇಕಿತ್ತಲ್ಲವೇ? ಅದು ಸಪಾಟಾಗಿದೆ. ಮನೆಯಿಂದ ತಂದು ಆ ಅಚ್ಚಿನ ಮೇಲಿಟ್ಟೆ, ಕುಂಟುವ ಮೇಜಿನಂತೆ ಅಲ್ಲಾಡಿತು. ಕಪಾಟಿನ ಅಚ್ಚುಗಳ ಮೇಲೆ ಒಂದೊಂದಾಗಿ ಇಟ್ಟು ನೋಡುತ್ತ ಹೋದೆ. ಮೂಲೆಯಲ್ಲಿದ್ದ ಒಂದರ ಮೇಲೆ ಟಕ್ಕೆಂದು ಕೂತಿತು. ಎರಡು ಅಚ್ಚಿನ ಮೇಲೂ ರೋಗಿಯ ನಂಬರ್ ಇರಲಿಲ್ಲ.

ಮೇಷ್ಟ್ರು ಬಾಗಿಲು ಹಾಕಿ ಬಂದು ಕೂತರು. “ಅಚ್ಚಿನ ಪಕ್ಕೆ ಮೇಲೆ ನಂಬರ್ ಕೆತ್ಬೇಕಮ್ಮ. ಆವತ್ತು ಅವಸರಕ್ಕೆ ತಳದಲ್ಲಿ ಬರ್ಸಿದ್ವಿ, ತಳ ಉಜ್ಜೋವಾಗ ಹೊರಟೋಯ್ತು. ಯಾವ ಸೆಟ್ಟು ಯಾರದು ಅಂತ ಅಂದಾಜಿನ ಮೇಲೆ ಹಂಚಿದ್ವಿ. ಮೇಣದ ಟ್ರಯಲ್ ಮಾಡಿದ್ರೆ ಗೊತ್ತಾಗ್ತಿತ್ತು. ಆದ್ರೆ ಫಂಕ್ಷನ್‌ಗೆ ಡೇಟ್ ಫಿಕ್ಸ್ ಆಗೋಗಿತ್ತು, ಏನ್ಮಾಡ್ಲಿ?” ಆಮೇಲೆ ಮೆಲ್ಲಗೆ, “ಸರ್ಟಿಫಿಕೇಟ್ ಕೈಗೆ ಬರೋವರೆಗೂ ಸುಮ್ನಿರು” ಎಂದರು.

ಸುಮ್ಮನಿರಲು ಆಗುತ್ತಿಲ್ಲ. ಅಮ್ಮ ಹೋದಳು, ಅವಳ ನೋವೂ ಹೋಯಿತು. ಮೂಲೆಯ ಅಚ್ಚಿನವರು? ಅಮ್ಮನ ಸೆಟ್ಟು ಹೋಗಿರುವುದು ಅವರಿಗೇ ಇರಬೇಕು. ಅವರ ಬಾಯಿಯ ಏರುತಗ್ಗು ನನಗೆ ಅಂಗೈಯಷ್ಟೇ ಪರಿಚಯ. ಮುಖ ಗೊತ್ತಿಲ್ಲ, ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ. ಬಸ್ಸಿನಲ್ಲಿ ವಯಸ್ಸಾದವರು ಆಕಳಿಸಿದರೆ ಬಗ್ಗಿ ನೋಡುತ್ತೇನೆ. ಒಬ್ಬ ಅಜ್ಜ ನನ್ನನ್ನು ಬೈದೂ ಬೈದರು. ಅಂಗಡಿಯ ಸಾಲಿನಲ್ಲಿ ಹಿಂದಿನಿಂದ ಕಟಕ್ ಎಂದರೆ ತಿರುಗಿ ನೋಡುತ್ತೇನೆ. ಅಮ್ಮನೇ ಮಾತಾಡಿದ ಹಾಗಾಗುತ್ತದೆ. ಒಂದು ಅದಲುಬದಲಾದರೆ ಕೆಡುವುದು ಎರಡು ಬಾಯಿ ಎಂಬ ಲೆಕ್ಕ ತಮಗೆ ಹೊಳೆಯಲೇ ಇಲ್ಲವೇ? ‘ಫಲಾನುಭವಿಗಳಿಂದ ಯಾವುದೇ ದೂರು ಸ್ವೀಕೃತವಾಗಿಲ್ಲ’ ಎಂಬುದು ತಮ್ಮ ಉತ್ತರ. ಬಾಯಿ ಹುಣ್ಣಾದವರು ಯಾವ ಬಾಯಿಂದ ದೂರು ಕೊಡಬೇಕು, ಸ್ವಾಮಿ?

ಆದ್ದರಿಂದ ಕಪಾಟಿಗೆ ಕೈ ಹಚ್ಚಬೇಡಿ. ಅಂದು ವೇದಿಕೆ ಹತ್ತಿಸಿದವರನ್ನೆಲ್ಲ ಮತ್ತೆ ಕರೆಸಿ, ಈ ಸಲ ಫೋಟೋ ಬೇಡ. ಅವರ ಸೆಟ್ಟುಗಳನ್ನು ಒಂದೊಂದಾಗಿ ಅಚ್ಚುಗಳ ಮೇಲಿಟ್ಟು ನೋಡೋಣ. ತಪ್ಪಿದ್ದನ್ನು ನಾನೂ ನನ್ನ ಸಹಪಾಠಿಗಳೂ ಮೊದಲಿನಿಂದ ಮಾಡಿಕೊಡುತ್ತೇವೆ, ಮೇಣದಲ್ಲಿ ನೋಡಿಯೇ. ಆ ಮೂಲೆಯ ಅಚ್ಚಿನವರು ತೀರಿಕೊಂಡಿದ್ದರೆ ತಿಳಿಸಿಬಿಡಿ, ಹುಡುಕುವುದನ್ನು ನಿಲ್ಲಿಸುತ್ತೇನೆ. ಬದುಕಿದ್ದರೆ ನಾಳೆಯೇ ಕರೆಸಿ. ಅಮ್ಮ ಕೊನೆಯದಾಗಿ ಸೆಟ್ಟನ್ನು ತೆಗೆದು ನನ್ನ ಕೈಗಿಟ್ಟು, “ಪಾಪ, ಅವರು ಚೆನ್ನಾಗೇ ಮಾಡಿದಾರೆ. ನನ್ನ ಬಾಯೇ ಸರಿ ಇಲ್ಲ” ಎಂದಿದ್ದಳು. ಹಾಗೆಂದುಕೊಂಡೇ ಹೋದಳು. ಇನ್ನೊಬ್ಬರು ಹಾಗೆಂದುಕೊಂಡು ಹೋಗುವ ಮುಂಚೆ ನಾನು ಅವರೆದುರು ಕೂತು ಹೇಳಬೇಕು: ನಿಮ್ಮ ಬಾಯಿ ಸರಿಯಾಗೇ ಇದೆ.

ಇಂತಿ,
ತಮ್ಮದೇ ಕೇಂದ್ರದಲ್ಲಿ, ಸರ್ಟಿಫಿಕೇಟಿನ ಆಸೆ ಬಿಟ್ಟು,
ಕೆಲಸ ಮಾತ್ರ ಕಲಿಯುತ್ತಿರುವ
ಒಬ್ಬ ದರ್ಜಿಯಮ್ಮನ ಮಗಳು