ಬೆಲ್ಲದ ಕಡಾಯಿಯಲ್ಲಿ ಭೀಮೆ ದಾಟುವ ಮುಂಚೆ

ಆಲಮೇಲದ ಹತ್ತಿರ, 20-8-1974

ಅಕ್ಕಾ,

ಇದನ್ನು ಅಮ್ಮನಿಗೆ ಓದಿ ಹೇಳಬೇಡ. ಮೂರು ದಿನದಿಂದ ಗುರುಲಿಂಗಪ್ಪ ಎಂಬ ರೈತರ ಮನೆಯಲ್ಲಿದ್ದೇನೆ. ಹೊಟ್ಟೆ ತುಂಬ ರೊಟ್ಟಿ ಹಾಕುತ್ತಾರೆ, ದುಡ್ಡು ಕೊಟ್ಟರೆ ಮುಟ್ಟುವುದಿಲ್ಲ. ಸೈಕಲ್ ದಾರಿಯಲ್ಲಿ ಹಿಡಿದ ಜ್ವರ ಈಗ ಬಿಟ್ಟಿದೆ.

ಈಗ ಭೀಮಾ ನದಿ ದಾಟಿ ಅಫಜಲಪುರದ ಕಡೆ ಹೋಗಬೇಕು. ಹೊಳೆ ಎರಡೂ ದಡ ತುಂಬಿ ಹರಿಯುತ್ತಿದೆ, ಇಲ್ಲಿ ದೋಣಿಯಿಲ್ಲ. ಬೆಲ್ಲ ಕಾಯಿಸುವ ಕಬ್ಬಿಣದ ಕಡಾಯಿಯನ್ನೇ ನೀರಿಗಿಳಿಸಿ, ಅದರಲ್ಲಿ ಜನರನ್ನು ಕೂರಿಸಿ, ಈಜುತ್ತಾ ತಳ್ಳಿಕೊಂಡು ಹೋಗುತ್ತಾರೆ. ನನ್ನ ಸೈಕಲ್ಲನ್ನು ಆಗಲೇ ಅದರಲ್ಲಿ ಮಲಗಿಸಿದ್ದಾರೆ. ನನಗೆ ಈಜು ಬಾರದೆಂದೆ.

"ಒಳಗ ಕುಂತಾವ್ರಿಗೆ ಈಜು ಯಾಕ ಬೇಕ್ರಿ? ಅಳ್ಳಾಡಬ್ಯಾಡ್ರಿ, ಅಷ್ಟ," ಎಂದರು ಗುರುಲಿಂಗಪ್ಪ. ಅಳ್ಳಾಡದೆ ಕೂರುವುದನ್ನು ದಡದಲ್ಲೇ ಅಭ್ಯಾಸ ಮಾಡುತ್ತಿದ್ದೇನೆ.

ಈ ಕಾರ್ಡನ್ನು ಅಂಚೆಗೆ ಹಾಕುವವರು ಅವರ ತಾಯಿ ಲಕ್ಕವ್ವ. ಹೊಳೆ ದಾಟುವವನು ಆಚೆ ದಡದಲ್ಲಿ ಎದ್ದು ನಿಂತದ್ದನ್ನು ಕಂಡ ಮೇಲೆಯೇ ಅವನ ಕಾಗದವನ್ನು ಡಬ್ಬಿಗೆ ಹಾಕುವುದು ಆಕೆಯ ರೂಢಿ.

"ಮನಿಯವ್ರಿಗೆ ಸುಳ್ಳು ಸುದ್ದಿ ಮುಟ್ಟಬಾರದಪಾ. ಹ್ವಾದ ವರ್ಷದ್ದೊಂದು ಕಾರ್ಡು ಇನ್ನೂ ನನ್ನ ಪೆಟ್ಟಿಗ್ಯಾಗ ಐತಿ," ಎಂದರು.

ಕರೆಯುತ್ತಿದ್ದಾರೆ. ನೀನು ಇದನ್ನು ಓದುತ್ತಿದ್ದರೆ ನಾನು ದಾಟಿದ್ದೇನೆ.

ನಿನ್ನ ತಮ್ಮ,
ವಾಮನ