ಹಣೆಯ ಮೇಲಿನ ಬಿಳಿ ಬೊಟ್ಟು

ನಮ್ಮ ತಾಲ್ಲೂಕಿನ ತಹಶೀಲ್ದಾರ್ ಸಾಹೇಬರೇ,

ನಮ್ಮೂರಿನಲ್ಲಿ ರಾಮಮ್ಮ ಎಂಬ ಮುದುಕಿ ಸಾಯುತ್ತಿದ್ದಾಳೆ. ಅವಳ ಹೆಣ ಹೊರಲು, ಗುಂಡಿ ತೋಡಲು ಯಾರೂ ಹೋಗಕೂಡದೆಂದು ಊರ ಯಜಮಾನರು ಈಗಲೇ ಕಟ್ಟಪ್ಪಣೆ ಮಾಡಿದ್ದಾರೆ. ಕಾರಣ, ಅವಳ ಸೊಸೆ ಕೋಮಲಳ ಹಣೆ. ಈ ಪ್ರಕರಣ ‘ಸೌಹಾರ್ದಯುತವಾಗಿ ಇತ್ಯರ್ಥಗೊಂಡಿದೆ’ ಎಂದು ತಾವು ಷರಾ ಬರೆದು ಕಡತ ಮುಚ್ಚಿದ್ದೀರಿ. ಇತ್ಯರ್ಥವಾಗಿಲ್ಲ ಎಂದು ಮೂರು ಅರ್ಜಿ ಕೊಟ್ಟೆ. ಮೂರರ ಮೇಲೂ ತಮ್ಮ ಕಚೇರಿಯ ಮೊಹರು ಚೆನ್ನಾಗಿ ಮೂಡಿತ್ತು, ಅಷ್ಟೇ. ಅದಕ್ಕೇ ಈ ಸಲ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಬಂಡಳ್ಳಿಯ ಆಚೆ, ಕಾಡಂಚಿನ ಊರು ನಮ್ಮದು. ನನ್ನದು ಬಳೆ ಅಂಗಡಿ. ಕೋಮಲ ಕೊಳ್ಳೇಗಾಲದ ಕಡೆಯ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಹೋಗುತ್ತಾಳೆ. ಯುಗಾದಿ ಕಳೆದ ಮೇಲೆ ಒಂದು ದಿನ ಅವಳು ಬಸ್ಸಿನಿಂದ ಇಳಿದಾಗ ಹಣೆಯಲ್ಲಿ ಬೊಟ್ಟಿರಲಿಲ್ಲ. ಮುಂಗೂದಲನ್ನು ಹುಬ್ಬಿನವರೆಗೆ ಇಳಿಬಿಟ್ಟಿದ್ದಳು. ಅದನ್ನು ಕಂಡವರೊಬ್ಬರು ಟೀ ಅಂಗಡಿಯಲ್ಲಿ ಕುಳಿತು ಹೇಳಿದರು: “ಪ್ರಭುಸ್ವಾಮಿ ಎಂಡ್ರು ಬೊಟ್ಟು ತಗ್ದವ್ಳೆ ಕಣ್ರಪ್ಪ. ಅವ್ಳ್ ಕೆಲ್ಸುಕ್ ಓಗೋ ಆಸ್ಪತ್ರೆ ಗೋಡೆ ಮ್ಯಾಲೆ ಸಿಲುಬೆ ಅದಂತೆ.” ಇಷ್ಟೇ ಮಾತು. ಸಂಜೆಯ ಹೊತ್ತಿಗೆ ಅವಳು ಪಾಲಾರ್ ಹೊಳೆಯಲ್ಲಿ ಮುಳುಗೆದ್ದು ಮತ ಬಿಟ್ಟು ಬಂದಿದ್ದಾಳೆ ಎಂದಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವಳು ಬಿಟ್ಟಿರಲಿಲ್ಲ. ಬಿಟ್ಟಿದ್ದರೂ ಅದರಿಂದ ಯಾರ ಮನೆಯ ಒಲೆ ಆರುತ್ತಿತ್ತು, ಸಾಹೇಬರೇ? ಮಿಲ್ಲಿನವನು ಅವರ ರಾಗಿ ಬೀಸುವುದನ್ನು ನಿಲ್ಲಿಸಿದ. ಕೊಳಾಯಿಯಲ್ಲಿ ಅವಳ ಬಿಂದಿಗೆಯನ್ನು ಕೊನೆಗೆ ತಳ್ಳಿದರು, ಆಮೇಲೆ ಕೊನೆಯೂ ಇಲ್ಲ ಎಂದರು. ಮೊದಮೊದಲು ಬೈಯುತ್ತಿದ್ದ ಜನ ಕೊನೆಕೊನೆಗೆ ಬೈಯುವುದನ್ನೂ ಬಿಟ್ಟರು. ಆಗಲೇ ನನಗೆ ನಿಜವಾಗಿ ಹೆದರಿಕೆಯಾದದ್ದು.

ಆಮೇಲೆ ತಾವು ಬಂದಿರಿ. ಹಾಲಿನ ಡೈರಿಯ ಜಗಲಿಯ ಮೇಲೆ ಶಾಂತಿ ಸಭೆ ನಡೆಸಿದಿರಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ದೊಡ್ಡ ಮನಸ್ಸು ತಮ್ಮದು. ನೀರು ನಿಲ್ಲಿಸಿದವರನ್ನು ಏಕೆಂದು ಕೇಳಲಿಲ್ಲ. ನೀರು ಕೇಳಿದವಳನ್ನು ಕೇಳಿದಿರಿ: “ಒಂದು ಬೊಟ್ಟು ಇಟ್ಟುಕೊಂಡರೆ ಏನಮ್ಮ ಕಷ್ಟ? ಊರಿಗೂ ಸಮಾಧಾನ.” ಯಜಮಾನರು ನನ್ನ ಅಂಗಡಿಗೆ ಆಳು ಕಳಿಸಿ ಒಂದು ಹಾಳೆ ಸ್ಟಿಕ್ಕರ್ ಬೊಟ್ಟು ತರಿಸಿದರು. ತಾವೇ ಕೈಯಾರೆ ಅದನ್ನು ಅವಳತ್ತ ಚಾಚಿದಿರಿ. ಸರ್ಕಾರ ಒಬ್ಬ ಹೆಂಗಸಿನ ಹಣೆಗೆ ಅಂಟು ಹಚ್ಚಲು ಇಷ್ಟು ದೂರ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಕೋಮಲ ಹಾಳೆಯನ್ನು ತೆಗೆದುಕೊಂಡಳು. ಇನ್ನೊಂದು ಕೈಯಿಂದ ಮುಂಗೂದಲನ್ನು ಹಿಂದಕ್ಕೆ ಸರಿಸಿದಳು. ಹುಬ್ಬುಗಳ ನಡುವೆ ಬಿಳಿಯ ಮಚ್ಚೆ, ಹಾಳೆಯ ಮೇಲಿದ್ದ ಬೊಟ್ಟಿನಷ್ಟೇ ದುಂಡಗೆ. “ಇಟ್ಕತೀನಿ ಸಾ,” ಎಂದಳು. “ಎಲ್ಲಿ ಇಟ್ಕಳ್ಳಿ, ನೀವೇ ಏಳಿ.”

ಹತ್ತು ವರ್ಷ ನನ್ನ ಅಂಗಡಿಯ ಸ್ಟಿಕ್ಕರನ್ನೇ ಅಂಟಿಸಿಕೊಂಡವಳು ಅವಳು. ಆ ಅಂಟು ಅವಳ ಚರ್ಮಕ್ಕೆ ಆಗದೆ ಬಣ್ಣ ಹೋಗಿದೆ, ಇದು ಯಾರಿಗೂ ಅಂಟುವುದಿಲ್ಲ, ಸದ್ಯಕ್ಕೆ ಹಣೆಗೆ ಮುಲಾಮು ಬಿಟ್ಟು ಏನನ್ನೂ ಹಚ್ಚಬೇಡ ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಆಮೇಲೆ ನಾನೇ ಓದಿದೆ. ಹಾಗಾದರೆ ಇಷ್ಟು ದಿನ ಏಕೆ ಸುಮ್ಮನಿದ್ದಳು? ತಂಗಿ ರಮ್ಯಳಿಗೆ ಯಳಂದೂರಿನ ಕಡೆ ಗಂಡು ಗೊತ್ತಾಗಿತ್ತು. ಅಕ್ಕನಿಗೆ ತೊನ್ನು ಎಂದರೆ ಆ ಮದುವೆ ನಿಲ್ಲುತ್ತದೆ. ಮತ ಬಿಟ್ಟವಳು ಎಂಬ ಮಾತನ್ನು ತಾನೊಬ್ಬಳೇ ಹೊರಬಹುದು ಎಂದುಕೊಂಡಿದ್ದಳು, ಪಾಪ.

ಸತ್ಯ ಕಂಡ ಮೇಲೆ ಊರು ನಾಚಿಕೊಳ್ಳುತ್ತದೆ ಎಂದು ತಾವೂ ಒಂದು ಗಳಿಗೆ ನಂಬಿದ್ದಿರೇ? ನಾನು ನಂಬಿದ್ದೆ. ಯಜಮಾನರು ಎದ್ದು ನಿಂತು, “ನೋಡ್ಕಳ್ರಪ್ಪ, ಬೊಟ್ಟು ತಗ್ದ ಜಾಗ್ದಲ್ಲೇ ಮಾದಪ್ಪ ಸುಣ್ಣ ಅಚ್ಚವ್ನೆ,” ಎಂದರು. ಜನ ಎರಡು ಹೆಜ್ಜೆ ಹಿಂದೆ ಸರಿದರು. ತಾವು ಗಡಿಯಾರ ನೋಡಿಕೊಂಡು ಜೀಪು ಹತ್ತಿದಿರಿ. ಎಂಟೇ ದಿನದಲ್ಲಿ ರಮ್ಯಳ ಮದುವೆ ಮುರಿದುಬಿತ್ತು.

ಈಗ ಊರು ಹೇಗಿದೆ ಗೊತ್ತೇ? ಹೆಂಗಸರು ಅಂಗಡಿಗೆ ಬಂದರೆ ಬಳೆ ನೋಡುವ ಮೊದಲು ಪಕ್ಕದವಳ ಹಣೆ ನೋಡುತ್ತಾರೆ. ಮೊಮ್ಮಗುವಿನ ಕೆನ್ನೆಯಲ್ಲಿ ಬೆಳ್ಳನೆಯ ಚಿಬ್ಬು ಎದ್ದಿದೆಯೆಂದು ನಮ್ಮ ಬೀದಿಯ ಪುಟ್ಟಗೌರಮ್ಮ ಅದನ್ನು ಅಂಗನವಾಡಿಗೂ ಕಳಿಸದೆ ಒಳಗೇ ಕೂಡಿಹಾಕಿದ್ದಾಳೆ. ಕೋಮಲಳ ಬಾಗಿಲಿನ ಮೇಲೆ ಯಾರೋ ಸುಣ್ಣದಿಂದ ದುಂಡಗೆ ಒಂದು ಗುರುತು ಬರೆದಿದ್ದರು. ತೊಳೆದರೆ ಮರುದಿನ ಮತ್ತೆ ಇರುತ್ತಿತ್ತು. ನಿನ್ನೆ ಬೆಳಿಗ್ಗೆ ನನ್ನ ಅಂಗಡಿಯ ಬಾಗಿಲಿಗೂ ಅದು ಬಂದಿದೆ. ನಾನು ತೊಳೆದಿಲ್ಲ.

ಇನ್ನು ರಾಮಮ್ಮನ ವಿಚಾರ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಗಂಜಿ ಕಾಯಿಸಿ ತರಬೇಕು. ನಮ್ಮೂರಿನಲ್ಲಿ ನಲವತ್ತು ವರ್ಷ ಯಾರ ಮನೆಯಲ್ಲಿ ಸಾವಾದರೂ ಮೊದಲು ಗಂಜಿ ಪಾತ್ರೆ ಹೊತ್ತು ಬಂದವಳು ಈ ಮುದುಕಿಯೇ. ಜಾತಿ ಕೇಳಲಿಲ್ಲ, ಜಗಳ ನೆನೆಯಲಿಲ್ಲ. ಯಜಮಾನರ ಅಪ್ಪ ಸತ್ತಾಗಲೂ ಬಂದಳು. ನನ್ನ ಹೆಂಡತಿ ಸತ್ತ ದಿನ ನಾನು ಗೋಡೆಗೊರಗಿ ಕೂತಿದ್ದಾಗ ಲೋಟವನ್ನು ತುಟಿಗೆ ಹಿಡಿದು ಕುಡಿಸಿದಳು. ಮೊನ್ನೆ ಅವಳನ್ನು ನೋಡಲು ಹೋಗಿದ್ದೆ. ಕಣ್ಣು ಸರಿಯಾಗಿ ಕಾಣುವುದಿಲ್ಲ, ನನ್ನ ಕೈ ಹಿಡಿದುಕೊಂಡು ಕೇಳಿದಳು: “ಮಲ್ಲಪ್ಪ, ನಾ ಓದ್ಮೇಲೆ ನನ್ ಸೊಸೆಗೆ ಗಂಜಿ ಯಾರ್ ತತ್ತರ್ಲಾ?” ನನಗೆ ಅಳು ಬಂತು. ಅತ್ತುಬಿಟ್ಟೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅದೇ ಜಗಲಿಗೆ ಮತ್ತೆ ಬನ್ನಿ. ಒಂದು ಮನೆಗೆ ನೀರು ನಿಲ್ಲಿಸುವುದು, ಹೆಣಕ್ಕೆ ಅಡ್ಡ ನಿಲ್ಲುವುದು ಅಪರಾಧವೆಂದು ಯಜಮಾನರ ಮುಖ ನೋಡಿ ಓದಿ ಹೇಳಿ. ‘ಸೌಹಾರ್ದಯುತವಾಗಿ’ ಎಂಬ ಆ ಸಾಲನ್ನು ತಮ್ಮ ಕೈಯಿಂದಲೇ ಹೊಡೆದು ಹಾಕಿ. ಬೇಗ ಬನ್ನಿ, ಮುದುಕಿ ಎರಡು ದಿನದಿಂದ ನೀರನ್ನೂ ನುಂಗುತ್ತಿಲ್ಲ.

ತಡವಾದರೂ ಬನ್ನಿ. ಚಟ್ಟಕ್ಕೆ ನಾಲ್ಕು ಹೆಗಲು ಬೇಕು. ಮಗ ಪ್ರಭುಸ್ವಾಮಿಯದು ಒಂದು, ನನ್ನದು ಒಂದು. ಮೂರನೆಯದು ತಾನೇ ಕೊಡುತ್ತೇನೆ ಎಂದಿದ್ದಾಳೆ ಕೋಮಲ. ನಾಲ್ಕನೆಯದು ತಮ್ಮದೆಂದು ಇಟ್ಟುಕೊಂಡಿದ್ದೇನೆ. ಗಂಜಿ ನಾನೇ ಕಾಯಿಸುತ್ತೇನೆ.

ಇಂತಿ,
ಟೀ ಅಂಗಡಿಯಲ್ಲಿ ಕುಳಿತು ಆ ಮೊದಲ ಮಾತು ಆಡಿದವನು,
ಶಿವಮಲ್ಲಪ್ಪ, ಬಳೆ ಅಂಗಡಿ