ಒಂಟಿ ಕಾಲಿನ ಹಕ್ಕಿ

ಚಂದಾಪುರ
೯-೨-೨೦೨೫, ಭಾನುವಾರ

ಮಗಳು ಭುವನೇಶ್ವರಿಗೆ,

ನಿನ್ನ ಅವ್ವ ಸಿದ್ದಕ್ಕ ಬರೆಯುತ್ತಿದ್ದೇನೆ. ‘ನಾವೆಲ್ಲ ಕ್ಷೇಮ’ ಎಂದು ಬರೆಯಲು ಈ ಕೋಣೆಯಲ್ಲಿ ನಾವೆಲ್ಲ ಎನ್ನುವವರು ಯಾರಿದ್ದಾರೆ, ನಾನೊಬ್ಬಳೇ. ಏಳನೆಯ ಇಯತ್ತೆಯ ಅಕ್ಷರ, ನಗಬೇಡ. ಫೋನ್ ಮಾಡಿದರೆ ನೀನು ಎತ್ತುತ್ತೀಯ, ಊಟ ಆಯಿತೇ ಎಂದು ಕೇಳುತ್ತೀಯ, ಇಡುತ್ತೀಯ. ಆ ಅರ್ಧ ನಿಮಿಷದಲ್ಲಿ ಹೇಳುವ ಮಾತಲ್ಲ ಇದು. ಹೇಳುವ ಧೈರ್ಯವೂ ನನಗಿಲ್ಲ. ಅದಕ್ಕೇ ಕಾಗದ.

ಶಿವಾನಿ ಹೋದ ವಾರ ಪೀಣ್ಯಕ್ಕೆ ಬಂದು ನಿನ್ನನ್ನು ನೋಡಿದ್ದನ್ನು ಹೇಳಿದಳು. ನಮ್ಮಿಬ್ಬರ ನಡುವೆ ಕೂತು ಹೊಲಿಯುತ್ತಿದ್ದವಳು, ಅವಳಿಗೆ ನಿನ್ನ ಕೈಯ ಬೆಲೆ ಗೊತ್ತು. ನೀನು ಬೋಲ್ಟು ಆರಿಸುವ ಶೆಡ್ಡಿನಲ್ಲಿ ಇದ್ದೀಯಂತೆ. “ಆಂಟಿ, ಅವಳ ಬೆರಳು ನೋಡಿದ್ರೆ ಅಳು ಬರುತ್ತೆ. ಲಿನನ್ ಇರ್ಲಿ, ಗೋಣಿಚೀಲ ಮುಟ್ಟಿದ್ರೂ ಎಳೆ ಸಿಕ್ಕಾಕೊಳ್ಳುತ್ತೆ” ಎಂದಳು. ನೀನು ಬಿಟ್ಟ ಕೆಲಸ ಎಂಥದು ಎಂದು ನನಗಿಂತ ಹೆಚ್ಚು ಯಾರಿಗೆ ಗೊತ್ತು?

ನಾವು ಮೊದಲ ಸಲ ಆನೇಕಲ್ ರಸ್ತೆಯ ಆ ಹಾರ್ಡ್‌ವೇರ್ ಅಂಗಡಿಯ ಮಹಡಿ ಹತ್ತಿದ್ದು ನೆನಪಿದೆಯೇ? ಹಳೇ ಕಾಲದ ಬಟ್ಟೆಗಳ ನಕಲು ಹೊಲಿಸುವ ವನಜಾ ಮೇಡಂ ತಮ್ಮ ಯೂನಿಟ್ಟಿನ ಗೋಡೆಯ ತುಂಬ ಹಳೇ ಚಿತ್ರ ಅಂಟಿಸಿದ್ದರು. ನಾನೂರು ವರ್ಷದ ಹಿಂದೆ ಯುರೋಪಿನವರು ತೊಟ್ಟ ಬಿಳಿ ಅಂಗಿ, ತಲೆಗೆ ಕಟ್ಟುವ ಟೋಪಿ, ಕೊರಳ ಸುತ್ತ ಗಂಜಿ ಹಾಕಿ ನಿಲ್ಲಿಸಿದ ನಿರಿಗೆ. ಇಷ್ಟು ದೊಡ್ಡ ನಿರಿಗೆ ಹಾಕಿಕೊಂಡು ಈ ಜನ ತುತ್ತು ಬಾಯಿಗೆ ಹೇಗೆ ಇಡುತ್ತಿದ್ದರು ಎಂದು ನಾನು ಕೇಳಿದ್ದಕ್ಕೆ ನೀನು ಬಿದ್ದು ಬಿದ್ದು ನಕ್ಕೆ. ನಾವು ಹಿಂಡಿ ಕುಟ್ಟುವ ಅಗಸಿಯ ಗಿಡದ ನಾರಿನಿಂದಲೇ ಆ ಲಿನನ್ ಬಟ್ಟೆ ಆಗುತ್ತದೆ ಎಂದು ಮೇಡಂ ಹೇಳಿದಾಗ ನಾನು ನಂಬಲಿಲ್ಲ. ಭೂತಗನ್ನಡಿಯಲ್ಲಿ ಒಂದು ಅಂಗಿಯ ಮುಂಗೈ ಪಟ್ಟಿಯ ಮೇಲೆ ಕಪ್ಪು ದಾರದಲ್ಲಿ ಹೊಲಿದ ಹಕ್ಕಿಗಳ ಸಾಲು ತೋರಿಸಿದರು ನೋಡು, ಆಗ ನಾನು ಕನ್ನಡಿ ಕಸಿದುಕೊಂಡು ಇನ್ನೊಮ್ಮೆ ನೋಡಿದೆ. ಅದು ನಮ್ಮ ಕಸೂತಿಯ ಗವಂತಿ ಹೊಲಿಗೆ! ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟದ್ದನ್ನು ತುಂಬುವುದು. ಗಂಟಿಲ್ಲ, ಮುಂದೆ ಹಿಂದೆ ಒಂದೇ. ಯಾವ ಸೀಮೆಯ ಯಾವ ಹೆಂಗಸು ಅದನ್ನು ಹಾಕಿದಳೋ, ನನ್ನ ಅವ್ವನ ಪಕ್ಕದಲ್ಲಿ ಕೂತು ಕಲಿತವಳ ಹಾಗೆ ಹಾಕಿದ್ದಳು.

ನಾನು ಹೊಲಿದೆ ಅಷ್ಟೇ. ನೀನು ಆ ಹೊಲಿಗೆಯನ್ನು ಓದಿದೆ. ಎಳೆ ಎಣಿಸಿ ಚೌಕದ ಪುಸ್ತಕದಲ್ಲಿ ಬರೆದೆ. ಆ ಪಟ್ಟಿಯ ಹನ್ನೊಂದನೆಯ ಹಕ್ಕಿಗೆ ಕಾಲು ಒಂದೇ ಎಂದು ಕಂಡುಹಿಡಿದವಳೂ ನೀನೇ. ಅಂಗಿ ಇಟ್ಟುಕೊಂಡಿರುವ ಮ್ಯೂಸಿಯಂನವರೇ ಅದನ್ನು ಗಮನಿಸಿರಲಿಲ್ಲವಂತೆ. ಇದನ್ನು ಕಂಡ ಹುಡುಗಿ ನಮ್ಮಲ್ಲಿಗೆ ಬಂದು ಆರು ತಿಂಗಳು ಕಲಿಯಲಿ, ಮೊದಲು ಅವಳೇ ಹೊಲಿದ ಪಟ್ಟಿ ಕಳಿಸಿ ಎಂದು ಅವರು ಬರೆದರು. ನಿನ್ನ ಪಾಸ್‌ಪೋರ್ಟ್ ಬಂತು. ಮನೆ ಓನರ್ ನಾಗಲಕ್ಷ್ಮಮ್ಮ ಕೂಡ ಅದನ್ನು ಕೈಯಲ್ಲಿ ಹಿಡಿದು “ನಮ್ ಹಟ್ಟಿ ಬಾಡಿಗೆಯೋರ ಮಗ್ಳು ಇಮಾನ ಅತ್ತತಾಳೆ” ಎಂದು ಬೀದಿಗೆಲ್ಲ ತೋರಿಸಿದರು. ನಿನ್ನ ಅಪ್ಪ ಎರಡು ತಿಂಗಳು ಎಂದು ಗೋವಾಕ್ಕೆ ಹೋಗಿ ಹದಿನಾಲ್ಕು ವರ್ಷವಾದ ಮೇಲೆ ನಮ್ಮ ಬಾಗಿಲಿಗೆ ಬಂದ ಮೊದಲ ಸಂತೋಷ ಅದು.

ಆಮೇಲೆ ನೀನು ಹೊಲಿದು ಕಳಿಸಿದ ಪಟ್ಟಿ ವಾಪಸು ಬಂತು. ನಿನ್ನ ಹನ್ನೊಂದನೆಯ ಹಕ್ಕಿಗೆ ಎರಡು ಕಾಲಿದ್ದವು. ಕಂಡದ್ದನ್ನು ಕಂಡ ಹಾಗೆ ಹೊಲಿಯದವರು ನಮಗೆ ಬೇಡ ಎಂದು ಚೀಟಿಯಿತ್ತು. ಮೇಡಂ ಎಲ್ಲರ ಮುಂದೆ ನಿನ್ನನ್ನು ಕೇಳಿದರು. ನೀನು ಪಟ್ಟಿಯನ್ನು ತಿರುಗಿಸಿ ಹಿಂಬದಿ ನೋಡಿದೆ, ತಲೆ ಎತ್ತಿ ನನ್ನ ಕಡೆ ನೋಡಿದೆ. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. “ನಂದೇ ತಪ್ಪು ಮೇಡಂ” ಎಂದೆ ನೀನು. ಮರುವಾರ ಪೀಣ್ಯಕ್ಕೆ ಹೋದೆ.

ಆ ಕಾಲು ಹೊಲಿದವಳು ನಾನು, ಭುವನಾ. ನಿನಗೆ ಅಂದೇ ಗೊತ್ತಾಗಿತ್ತು. ನಿನ್ನ ಕೈಗೂ ನನ್ನ ಕೈಗೂ ವ್ಯತ್ಯಾಸ ಹೇಳಬಲ್ಲವಳು ನೀನೊಬ್ಬಳೇ. ಆ ಹಕ್ಕಿಗೆ ಒಂದೇ ಕಾಲು ಇರಬೇಕೆಂದು ಮೇಡಂ ನಿನಗೆ ವಿವರಿಸುವಾಗ ನಾನು ಕೆಳಗೆ ಗಂಜಿ ಕುದಿಸುತ್ತಿದ್ದೆ, ಕೇಳಿಸಿಕೊಂಡಿರಲಿಲ್ಲ. ನನ್ನ ಅವ್ವ ಸೆರಗನ್ನು ಮಗುಚಿ ನೋಡಿ, ಒಂದು ಎಳೆ ತಪ್ಪಿದ್ದರೂ ಅಷ್ಟನ್ನೂ ಬಿಚ್ಚಿಸುತ್ತಿದ್ದಳು. ಆ ರೂಢಿಯಲ್ಲಿ, ಮಗಳು ಅವಸರದಲ್ಲಿ ಕಾಲು ಮರೆತಿದ್ದಾಳೆ ಎಂದು ಹಾಕಿಬಿಟ್ಟೆ. ಕೇಳಿದಾಗ ಬಾಯಿ ಬಿಡದೆ ಇದ್ದದ್ದು ಹೇಡಿತನ. ಕೆಲಸ ಹೋಗುತ್ತದೆ ಎಂಬ ಹೆದರಿಕೆ.

ಹೋದ ತಿಂಗಳು ಮೇಡಂಗೆ ಹೇಳಿದೆ. ಅವರು ಮ್ಯೂಸಿಯಂಗೆ ಬರೆದರು. ಆ ಜಾಗಕ್ಕೆ ಬೇರೆ ಯಾರನ್ನೋ ತೆಗೆದುಕೊಂಡಾಗಿದೆ ಎಂದು ಉತ್ತರ ಬಂತು. ಹೊಸ ಆರ್ಡರ್ ಇಲ್ಲ. ಈ ತಿಂಗಳ ಕೊನೆಗೆ ಯೂನಿಟ್ ಮುಚ್ಚುತ್ತಾರೆ, ಗೋಡೆಯ ಚಿತ್ರಗಳನ್ನು ಕಿತ್ತಾಗಿದೆ. ನಾನು ಬೊಮ್ಮಸಂದ್ರದ ಒಂದು ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಹೇಳಿಟ್ಟಿದ್ದೇನೆ.

ಪಟ್ಟಿಯನ್ನು ಮೇಡಂ ನನಗೇ ಕೊಟ್ಟರು. ಇದರ ಜೊತೆ ಕಳಿಸಿದ್ದೇನೆ. ಆ ಎರಡನೆಯ ಕಾಲನ್ನು ಬಿಚ್ಚಿದ್ದೇನೆ. ದಾರ ಬಂತು, ಸೂಜಿ ಹೋದ ತೂತು ಮಾತ್ರ ಹಾಗೇ ಇದೆ. ನೀರು ಚಿಮುಕಿಸಿ ಉಗುರಿನಲ್ಲಿ ತಿಕ್ಕಿದೆ, ಮುಚ್ಚಲಿಲ್ಲ.

“ಅವ್ವ ರೂಢಿ ಮ್ಯಾಲ ಮಾಡ್ಯಾಳ, ಅಕಿ ತಪ್ಪಲ್ಲ ಬಿಡು” ಎಂದೆಯಂತೆ ಶಿವಾನಿಗೆ. ಮುಂದಿನ ಭಾನುವಾರ ಬಾ. ಇಡೀ ಬೆಂಗಳೂರು ದಾಟಿ ಬರಬೇಕು, ಗೊತ್ತು. ರೊಟ್ಟಿ, ಅಗಸಿ ಹಿಂಡಿ ಮಾಡಿಟ್ಟಿರುತ್ತೇನೆ. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೋ.

ನಿನ್ನ ಅವ್ವ,
ಸಿದ್ದಕ್ಕ

ತಾ.ಕ.: ಸಹಿ ಹಾಕಿ ಮಡಚಿಟ್ಟಿದ್ದೆ. ನೀನು ಶಿವಾನಿಗೆ ಹೇಳಿದ ಆ ಮಾತು ಸುಮ್ಮನಿರಲು ಬಿಡುತ್ತಿಲ್ಲ. ಗಂಜಿ ಕುದಿಸುತ್ತಿದ್ದೆ ಎಂದದ್ದು ಸುಳ್ಳು. “ಈ ತಪ್ಪೇ ಕಣಮ್ಮ ನಮ್ಗೆ ಬೇಕಿರೋದು, ಸರಿ ಮಾಡ್ಬಿಟ್ರೆ ಅದು ಬೇರೆ ಅಂಗಿ ಆಗೋಗುತ್ತೆ” ಎಂದು ಮೇಡಂ ಹೇಳುವಾಗ ನಾನು ನಿನ್ನ ಬೆನ್ನ ಹಿಂದೆಯೇ ಕೂತು ಕಾಜಾ ಹಾಕುತ್ತಿದ್ದೆ. ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದೆ. ಪಾಸ್‌ಪೋರ್ಟ್ ಬಂದ ದಿನ ನೀನು ನಕ್ಕೆಯಲ್ಲ, ಗೋವಾ ಬಸ್ಸಿನ ಕಿಟಕಿಯಲ್ಲಿ ನಿನ್ನ ಅಪ್ಪನೂ ಹಾಗೇ ನಕ್ಕಿದ್ದ. ಮರುದಿನ ಎಲ್ಲರೂ ಡಬ್ಬಿ ಹಿಡಿದು ಊಟಕ್ಕೆ ಇಳಿದಾಗ ನಾನು ಇಳಿಯಲಿಲ್ಲ. ನಾಲ್ಕು ಹೊಲಿಗೆ. ನೀನು ಹೋಗಬಾರದೆಂದೇ ಹಾಕಿದೆ. ಭಾನುವಾರ ಬಾ ಎಂದು ಬರೆದದ್ದನ್ನು ಹೊಡೆದು ಹಾಕಿಲ್ಲ. ನೀನು ಬಾರದಿದ್ದರೆ ಯಾಕೆ ಎಂದು ಕೇಳುವುದಿಲ್ಲ.